ನಿಲ್ಲಿಸಿದ ಕಾರಿನಿಂದ ಕ್ಯಾಟಲಿಟಿಕ್ ಕನ್ವರ್ಟರ್ ಕಳುವು: ತಡೆಯುವ ಬಗೆ, ಕಳೆದುಕೊಂಡ ಮೇಲೆ ಮಾಡಬೇಕಾದ ಕೆಲಸಗಳು

ಕಾರಿನ ಕಳ್ಳತನ ಎಂದರೆ ಇಡೀ ಕಾರು ಮಾಯವಾಗುವುದು, ಇಲ್ಲವೇ ಗಾಜು ಒಡೆದು ಒಳಗಿನ ಸಾಮಾನು ಹೋಗುವುದು ಎಂದಷ್ಟೇ ತಿಳಿದವರಿಗೆ ಈ ಕಳುವು ಮೊದಲಿಗೆ ಅರ್ಥವೇ ಆಗುವುದಿಲ್ಲ. ಬಾಗಿಲು ಬೀಗ ಹಾಕಿದಂತೆಯೇ ಇರುತ್ತದೆ, ಗಾಜಿನ ಮೇಲೆ ಗೀರೂ ಬಿದ್ದಿರುವುದಿಲ್ಲ, ಅಲಾರಂ ಕೂಗಿದ್ದನ್ನು ಯಾರೂ ಕೇಳಿರುವುದಿಲ್ಲ. ಎಂಜಿನ್ ಚಾಲೂ ಮಾಡಿದಾಗ ಮಾತ್ರ ಕಾರಿನ ಅಡಿಯಿಂದ ಕಿವಿಗಡಚಿಕ್ಕುವ ಸದ್ದು ಹೊರಡುತ್ತದೆ. ಸೈಲೆನ್ಸರ್ ಒಡೆದಿರಬೇಕು ಎಂದುಕೊಂಡು ಹಲವರು ಅದೇ ಕಾರನ್ನು ಗ್ಯಾರೇಜಿನವರೆಗೆ ಓಡಿಸಿಕೊಂಡು ಹೋಗುತ್ತಾರೆ. ಅಲ್ಲಿ ಕಾರನ್ನು ಎತ್ತಿ ನೋಡಿದಾಗ ಹೊಗೆಕೊಳವೆಯ ಮಧ್ಯದ ಒಂದು ತುಂಡೇ ಇರುವುದಿಲ್ಲ.

ಈ ಕಳುವಿನಲ್ಲಿ ಕಳ್ಳನಿಗೆ ಸಿಗುವುದಕ್ಕೂ ಮಾಲೀಕ ಕಳೆದುಕೊಳ್ಳುವುದಕ್ಕೂ ಅಳತೆಯೇ ಇಲ್ಲ. ಗುಜರಿಯಲ್ಲಿ ಸಿಗುವ ಹಣದ ಹಲವು ಪಟ್ಟು ಮಾಲೀಕನ ದುರಸ್ತಿ ಖರ್ಚಾಗುತ್ತದೆ. ಬಿಡಿಭಾಗಕ್ಕೆ ವಾರಗಟ್ಟಲೆ ಕಾಯುವುದು, ವಿಮಾ ಕಂಪನಿಯೊಡನೆ ಪತ್ರವ್ಯವಹಾರ, ಓಡಾಟಕ್ಕೆ ಬೇರೆ ವ್ಯವಸ್ಥೆ ಇವೆಲ್ಲ ಬೇರೆ. ಆದರೆ ಕಳ್ಳನ ಲೆಕ್ಕ ಇಕ್ಕಟ್ಟಿನದು. ಅವನ ಬಳಿ ಇರುವುದು ಎರಡು ಮೂರು ನಿಮಿಷ. ಅಷ್ಟರಲ್ಲಿ ಮುಗಿಯದ ಕಾರನ್ನು ಬಿಟ್ಟು ಪಕ್ಕದ ಕಾರಿಗೆ ಹೋಗುತ್ತಾನೆ. ಮುಂದೆ ಹೇಳುವ ತಡೆಗಳೆಲ್ಲ ಆ ಎರಡು ನಿಮಿಷವನ್ನು ಹತ್ತಾಗಿಸುವ ಉಪಾಯಗಳು. ಕದಿಯಲು ಸಾಧ್ಯವೇ ಇಲ್ಲದಂತೆ ಮಾಡುತ್ತೇವೆ ಎನ್ನುವ ಜಾಹೀರಾತುಗಳನ್ನು ನಂಬಬೇಡಿ.

ಕದಿಯುವುದು ಏನನ್ನು, ಏಕೆ

ಎಂಜಿನ್‌ನಿಂದ ಹೊರಟ ಹೊಗೆ ಸೈಲೆನ್ಸರ್ ತಲುಪುವ ಮೊದಲು ಹಾದುಹೋಗುವ ಉಕ್ಕಿನ ಡಬ್ಬಿಯೇ ಕ್ಯಾಟಲಿಟಿಕ್ ಕನ್ವರ್ಟರ್. ಸಾಮಾನ್ಯವಾಗಿ ಅದರೊಳಗೆ ಜೇನುಗೂಡಿನಂತೆ ಸಣ್ಣ ಸಣ್ಣ ಕಿಂಡಿಗಳಿರುವ ಪಿಂಗಾಣಿಯ ಗಟ್ಟಿ ಇರುತ್ತದೆ. ಕಿಂಡಿಗಳ ಗೋಡೆಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಅಮೂಲ್ಯ ಲೋಹಗಳ ಅತಿ ತೆಳುವಾದ ಲೇಪವಿರುತ್ತದೆ. ಮೊದಲೆರಡು ಲೋಹಗಳು ಕಾರ್ಬನ್ ಮಾನಾಕ್ಸೈಡನ್ನೂ ಪೂರ್ತಿ ಉರಿಯದೆ ಉಳಿದ ಇಂಧನವನ್ನೂ ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿಯಾಗಿ ಬದಲಿಸುತ್ತವೆ. ರೋಡಿಯಂ ನೈಟ್ರೋಜನ್ ಆಕ್ಸೈಡುಗಳನ್ನು ಒಡೆದು ನಿರಪಾಯಕಾರಿ ನೈಟ್ರೋಜನ್ ಮಾಡುತ್ತದೆ. ಅಮೆರಿಕದಲ್ಲಿ 1975ರ ಮಾದರಿಯ ಕಾರುಗಳಿಂದ ಇದರ ಬಳಕೆ ವ್ಯಾಪಕವಾಯಿತು. ಇಂದು ಜಗತ್ತಿನ ಬಹುತೇಕ ಪೆಟ್ರೋಲ್ ಕಾರುಗಳಲ್ಲಿ ಒಂದಾದರೂ ಇರುತ್ತದೆ.

ಈ ಲೋಹಗಳು ರಾಸಾಯನಿಕ ಕ್ರಿಯೆಯ ವೇಗ ಹೆಚ್ಚಿಸುತ್ತವೆಯೇ ಹೊರತು ತಾವು ಖರ್ಚಾಗುವುದಿಲ್ಲ. ಹಾಗಾಗಿ ಹತ್ತಾರು ವರ್ಷ ಓಡಿದ ಕಾರಿನ ಕನ್ವರ್ಟರಿನಲ್ಲೂ ಲೋಹದ ಹೆಚ್ಚಿನ ಪಾಲು ಉಳಿದಿರುತ್ತದೆ. ‘ನನ್ನದು ಹಳೆಯ ಕಾರು, ಯಾರು ಮುಟ್ಟುತ್ತಾರೆ’ ಎಂಬ ನೆಮ್ಮದಿಗೆ ಇಲ್ಲಿ ಆಧಾರವಿಲ್ಲ.

ಒಂದು ಕನ್ವರ್ಟರಿನಲ್ಲಿರುವ ಅಮೂಲ್ಯ ಲೋಹ ಕೆಲವೇ ಗ್ರಾಂ. ಆದರೆ 2016ರಲ್ಲಿ ಒಂದು ಟ್ರಾಯ್ ಔನ್ಸಿಗೆ, ಅಂದರೆ ಸುಮಾರು 31 ಗ್ರಾಂಗೆ, ಸಾವಿರ ಡಾಲರಿಗಿಂತ ಕಡಿಮೆಯಿದ್ದ ರೋಡಿಯಂ 2021ರ ವೇಳೆಗೆ 28,000 ಡಾಲರ್ ದಾಟಿತ್ತು. ಅದೇ ಹೊತ್ತಿನಲ್ಲಿ ಚಿನ್ನ ಎರಡು ಸಾವಿರದ ಒಳಗೇ ಇತ್ತು. ರೋಡಿಯಂನ ಬಹುಪಾಲು ದಕ್ಷಿಣ ಆಫ್ರಿಕಾದ ಗಣಿಗಳಿಂದಲೂ ಪಲ್ಲಾಡಿಯಂನ ದೊಡ್ಡ ಪಾಲು ರಷ್ಯಾದಿಂದಲೂ ಬರುವುದರಿಂದ ಆ ಎರಡು ದೇಶಗಳಲ್ಲಿ ಏನೇ ನಡೆದರೂ ಬೆಲೆ ಅಲುಗಾಡುತ್ತದೆ. 2022ರ ಮಾರ್ಚಿನಲ್ಲಿ, ಉಕ್ರೇನ್ ಯುದ್ಧ ಶುರುವಾದ ಬೆನ್ನಿಗೇ, ಪಲ್ಲಾಡಿಯಂ 3,000 ಡಾಲರ್ ಮೀರಿತು. ನಂತರ ಎರಡೂ ಇಳಿದವು, ಕಳುವಿನ ಹಾವಳಿಯೂ ತಗ್ಗಿತು. ಬೆಲೆ ಏರಿದರೆ ಕಳುವೂ ಏರುತ್ತದೆ. ಆದ್ದರಿಂದ ಲೋಹದ ಮಾರುಕಟ್ಟೆಯ ಸುದ್ದಿಯನ್ನು ಕಾರಿನ ಮಾಲೀಕರೂ ಆಗಾಗ ಗಮನಿಸುವುದು ಒಳ್ಳೆಯದು.

ಇನ್ನೊಂದು ಸಂಗತಿ: ಗರಗಸ ಹಿಡಿದು ಕಾರಿನಡಿ ನುಸುಳುವವನು ಸರಪಳಿಯ ಕೊನೆಯ ಕೊಂಡಿ. ಅವನ ಮೇಲೆ ಕೊಳ್ಳುವವರು, ಅವರ ಮೇಲೆ ಪಿಂಗಾಣಿಯನ್ನು ಪುಡಿ ಮಾಡಿ ಲೋಹ ಶುದ್ಧೀಕರಣಕ್ಕೆ ಕಳಿಸುವವರು ಇರುತ್ತಾರೆ. 2022ರ ನವೆಂಬರಿನಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆ ಇಂಥದ್ದೊಂದು ರಾಷ್ಟ್ರವ್ಯಾಪಿ ಜಾಲದ ಮೇಲೆ ಮೊಕದ್ದಮೆ ಹೂಡಿದಾಗ ಮುಟ್ಟುಗೋಲಿಗೆ ಕೇಳಿದ ಮೊತ್ತ 54.5 ಕೋಟಿ ಡಾಲರ್. ಸಣ್ಣ ಕಳ್ಳರ ಪುಂಡಾಟ ಎಂದು ಇದನ್ನು ತಳ್ಳಿಹಾಕುವಂತಿಲ್ಲ.

ಹೆಜ್ಜೆ 1: ನಿಮ್ಮ ಕಾರು ಎಷ್ಟು ಸುಲಭದ ಗುರಿ ಎಂದು ತಿಳಿದುಕೊಳ್ಳಿ

ಮೊದಲು ನೆಲದಿಂದ ಕಾರಿನ ತಳದ ಎತ್ತರ ನೋಡಿ. ಎಸ್‌ಯುವಿ, ಪಿಕಪ್, ವ್ಯಾನ್‌ಗಳ ಕೆಳಗೆ ಒಬ್ಬ ಮನುಷ್ಯ ಜಾಕ್ ಇಲ್ಲದೆಯೇ ಹಾಯಾಗಿ ಮಲಗಬಹುದು. ತಗ್ಗಾದ ಕಾರಾದರೆ ಎತ್ತಲೇಬೇಕು, ಅದಕ್ಕೆ ಒಂದಿಷ್ಟು ಸಮಯ ಹೋಗುತ್ತದೆ, ಸದ್ದೂ ಆಗುತ್ತದೆ.

ಎರಡನೆಯದು ಹೈಬ್ರಿಡ್ ಕಾರು, ಅಂದರೆ ಎಂಜಿನ್ ಜೊತೆಗೆ ವಿದ್ಯುತ್ ಮೋಟಾರೂ ಇರುವ ಕಾರು, ಹೌದೋ ಅಲ್ಲವೋ ಎಂಬುದು. ಹೈಬ್ರಿಡ್‌ನಲ್ಲಿ ಎಂಜಿನ್ ಆಗಾಗ ನಿಂತು ಮತ್ತೆ ಚಾಲೂ ಆಗುತ್ತದೆ, ಕನ್ವರ್ಟರ್ ತಣ್ಣಗಾಗುತ್ತಿರುತ್ತದೆ. ತಣ್ಣಗಿರುವ ಕನ್ವರ್ಟರ್ ಹೊಗೆಯನ್ನು ಸರಿಯಾಗಿ ಶುದ್ಧ ಮಾಡುವುದಿಲ್ಲ. ಅದಕ್ಕೆ ಹೆಚ್ಚುಕಡಿಮೆ 250ರಿಂದ 300 ಡಿಗ್ರಿ ಸೆಲ್ಸಿಯಸ್ ಶಾಖವಾದರೂ ಬೇಕು. ಈ ಕೊರತೆ ತುಂಬಲು ಹಲವು ಮಾದರಿಗಳಲ್ಲಿ ಲೋಹದ ಲೇಪ ಹೆಚ್ಚಿರುತ್ತದೆ. ಎಂಜಿನ್ ಕಡಿಮೆ ಓಡುವುದರಿಂದ ಸವೆತವೂ ಕಡಿಮೆ. ಅಮೆರಿಕದಲ್ಲಿ 2004ರಿಂದ 2009ರವರೆಗಿನ ಟೊಯೋಟಾ ಪ್ರಿಯಸ್, ಬ್ರಿಟನ್ನಿನಲ್ಲಿ ಹೋಂಡಾ ಜಾಝ್, ಟೊಯೋಟಾ ಆರಿಸ್, ಲೆಕ್ಸಸ್ ಆರ್‌ಎಕ್ಸ್ ಹೈಬ್ರಿಡ್‌ಗಳು ಕಳ್ಳರಿಗೆ ಅಚ್ಚುಮೆಚ್ಚಾದದ್ದು ಹೀಗೆ.

ಮೂರನೆಯದು ಕನ್ವರ್ಟರ್ ಇರುವ ಜಾಗ. ಈಚಿನ ಎಷ್ಟೋ ಕಾರುಗಳಲ್ಲಿ ಅದು ಎಂಜಿನ್‌ಗೆ ಅಂಟಿಕೊಂಡಂತೆ ಬಾನೆಟ್‌ನೊಳಗೆ ಇರುತ್ತದೆ. ಅದನ್ನು ಕೆಳಗಿನಿಂದ ಕತ್ತರಿಸುವುದು ಕಷ್ಟ. ಹಳೆಯ ವಿನ್ಯಾಸಗಳಲ್ಲಿ ಕಾರಿನ ಮಧ್ಯಭಾಗದ ಅಡಿಯಲ್ಲಿ ಉದ್ದ ಕೊಳವೆಯ ನಡುವೆ ಬಯಲಾಗಿ ಕುಳಿತಿರುತ್ತದೆ. ಮುಂದಿನ ಸರ್ವೀಸ್ ವೇಳೆ ಕಾರನ್ನು ಮೇಲೆತ್ತಿದಾಗ ಮೆಕ್ಯಾನಿಕ್‌ಗೆ ಹೇಳಿ ತೋರಿಸಿಕೊಳ್ಳಿ, ಹಾಗೆಯೇ ಮೊಬೈಲಿನಲ್ಲಿ ನಾಲ್ಕಾರು ಚಿತ್ರ ತೆಗೆದಿಡಿ. ಕಳುವಾದರೆ ‘ಮೊದಲು ಹೀಗಿತ್ತು’ ಎಂದು ವಿಮಾ ಕಂಪನಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಸಾಕ್ಷ್ಯವಿಲ್ಲ.

ಪೂರ್ಣ ವಿದ್ಯುತ್ ಕಾರಿನವರು ಈ ಲೇಖನ ಇಲ್ಲಿಗೇ ನಿಲ್ಲಿಸಬಹುದು. ಅವುಗಳಲ್ಲಿ ಹೊಗೆಯೂ ಇಲ್ಲ, ಕನ್ವರ್ಟರೂ ಇಲ್ಲ.

ಹೆಜ್ಜೆ 2: ನಿಲ್ಲಿಸುವ ರೀತಿ ಬದಲಿಸಿ

ದುಡ್ಡು ಖರ್ಚಿಲ್ಲದ, ಆದರೆ ಹೆಚ್ಚು ಫಲ ಕೊಡುವ ಹೆಜ್ಜೆ ಇದು. ಬೀಗ ಹಾಕುವ ಗ್ಯಾರೇಜ್ ಇದ್ದು ಅದರಲ್ಲಿ ಹಳೆಯ ಸಾಮಾನು ತುಂಬಿಟ್ಟು ಕಾರನ್ನು ಹೊರಗೆ ನಿಲ್ಲಿಸುವವರು ಮೊದಲು ಆ ಸಾಮಾನನ್ನು ಹೊರಹಾಕಲಿ.

ಹೊರಗೇ ನಿಲ್ಲಿಸಬೇಕಾದರೆ ಕನ್ವರ್ಟರ್ ಇರುವ ಮಗ್ಗುಲನ್ನು ಗೋಡೆಗೋ ಬೇಲಿಗೋ ಒತ್ತಿ ನಿಲ್ಲಿಸಿ. ಮನೆಯಲ್ಲಿ ಎರಡು ಕಾರುಗಳಿದ್ದರೆ ಎತ್ತರದ್ದನ್ನು ಒಳಗೆ, ತಗ್ಗಿನದನ್ನು ಅದಕ್ಕೆ ತಾಗುವಂತೆ ಹೊರಗೆ ನಿಲ್ಲಿಸಿ. ಹಲವು ವಾಹನಗಳಿರುವ ಸಂಸ್ಥೆಗಳೂ ಇದನ್ನೇ ಮಾಡಬಹುದು: ಸುತ್ತಲೂ ತಗ್ಗಿನ ಕಾರುಗಳ ಕೋಟೆ, ನಡುವೆ ವ್ಯಾನುಗಳು. ಕಾಲುದಾರಿಯ ಅಂಚಿನ ಮೇಲೆ ಎರಡು ಚಕ್ರ ಹತ್ತಿಸಿ ಓರೆಯಾಗಿ ನಿಲ್ಲಿಸುವ ಅಭ್ಯಾಸವಿದ್ದರೆ ಬಿಡಿ. ಹಾಗೆ ನಿಲ್ಲಿಸಿದವರು ಕಳ್ಳನ ಜಾಕಿನ ಕೆಲಸವನ್ನು ತಾವೇ ಮಾಡಿಕೊಟ್ಟಂತೆ.

ಬೆಳಕು ಒಳ್ಳೆಯದು, ಜನರ ಓಡಾಟವೂ ಒಳ್ಳೆಯದು. ಆದರೆ ಇವೆರಡನ್ನೇ ನಂಬಿ ಕೂರುವಂತಿಲ್ಲ. ಆಸ್ಪತ್ರೆ, ರೈಲು ನಿಲ್ದಾಣ, ವಿಮಾನ ನಿಲ್ದಾಣಗಳ ವಾಹನ ನಿಲುಗಡೆಯಲ್ಲಿ ಹಾಡಹಗಲೇ ಈ ಕೆಲಸ ನಡೆದಿದೆ. ಹೊಳೆಯುವ ಹಳದಿ ಜಾಕೆಟ್ ತೊಟ್ಟು, ಕಾರಿನ ಬದಿಗೆ ಜಾಕ್ ಇಟ್ಟುಕೊಂಡ ಇಬ್ಬರನ್ನು ಕಂಡರೆ ಹಾದುಹೋಗುವವರು ರಿಪೇರಿಯವರು ಎಂದೇ ತಿಳಿಯುತ್ತಾರೆ. ದಿನಗಟ್ಟಲೆ ನಿಲ್ಲಿಸಿ ಹೋಗುವುದಾದರೆ ಕಾವಲಿರುವ, ಒಳಬರುವ ಹೊರಹೋಗುವ ವಾಹನಗಳ ದಾಖಲೆ ಇಡುವ ಜಾಗ ಹುಡುಕಿ.

ಹೆಜ್ಜೆ 3: ಲೋಹದ ತಡೆ ಹಾಕಿಸಿ

ಇಲ್ಲಿ ಮೂರು ಬಗೆಗಳಿವೆ. ಮೊದಲನೆಯದು ಕನ್ವರ್ಟರ್ ಅನ್ನು ಕೆಳಗಿನಿಂದ ಮರೆಮಾಡುವ ಅಲ್ಯುಮಿನಿಯಂ ಅಥವಾ ಸ್ಟೇನ್‌ಲೆಸ್ ಉಕ್ಕಿನ ತಟ್ಟೆ. ಸಾಮಾನ್ಯ ಪಾನಾದಿಂದ ಬಿಚ್ಚಲಾಗದ ಬೋಲ್ಟುಗಳಿಂದ ಇದನ್ನು ಕಾರಿನ ಚೌಕಟ್ಟಿಗೆ ಬಿಗಿಯುತ್ತಾರೆ. ಎರಡನೆಯದು ಗಟ್ಟಿ ಉಕ್ಕಿನ ಹಗ್ಗಗಳನ್ನು ಕನ್ವರ್ಟರಿನ ಸುತ್ತ ಹೆಣೆದು ಚೌಕಟ್ಟಿಗೆ ಕಟ್ಟುವ ಪಂಜರ. ಗರಗಸದ ಅಲಗು ಕಂಪಿಸುವ ಹಗ್ಗದ ಮೇಲೆ ಸರಿಯಾಗಿ ಕಚ್ಚುವುದಿಲ್ಲ, ಒಂದನ್ನು ಕತ್ತರಿಸಿದರೆ ಇನ್ನೊಂದು ಇರುತ್ತದೆ. ಮೂರನೆಯದು ಮೆಕ್ಯಾನಿಕ್ ತಾನೇ ಉಕ್ಕಿನ ಸರಳುಗಳನ್ನು ಕೊಳವೆಗೆ ವೆಲ್ಡ್ ಮಾಡಿಕೊಡುವುದು. ಅಗ್ಗವೇನೋ ಹೌದು, ಆದರೆ ಮುಂದೆ ಕೊಳವೆ ಬಿಚ್ಚಬೇಕಾದಾಗ ನಿಮಗೂ ಅದೇ ಗೋಳು. ನಿಮ್ಮ ಮಾದರಿಗೆಂದೇ ಅಳತೆ ಮಾಡಿದ ತಟ್ಟೆ ಸಿಗುವುದಾದರೆ ನನ್ನ ಮತ ಅದಕ್ಕೇ. ಬಗ್ಗಿ ನೋಡಿದ ಕೂಡಲೇ ಕಣ್ಣಿಗೆ ಬೀಳುತ್ತದೆ, ಬಹಳಷ್ಟು ಕಳ್ಳರು ಅಲ್ಲಿಂದಲೇ ಹಿಂದಿರುಗುತ್ತಾರೆ.

ಹಾಕಿಸುವಾಗ ಗ್ಯಾರೇಜಿನವರಿಗೆ ಕೆಲವು ಪ್ರಶ್ನೆ ಕೇಳಿ. ಕನ್ವರ್ಟರ್ ಸಾಮಾನ್ಯವಾಗಿ 400ರಿಂದ 800 ಡಿಗ್ರಿ ಶಾಖದಲ್ಲಿ ಕೆಲಸ ಮಾಡುತ್ತದೆ. ಗಾಳಿ ಆಡಲು ತಟ್ಟೆಯಲ್ಲಿ ಕಿಂಡಿಗಳಿವೆಯೇ? ಎಣ್ಣೆ ಬದಲಿಸಲು ಪ್ರತಿ ಸಲ ತಟ್ಟೆ ಬಿಚ್ಚಬೇಕೇ? ಕಾರ್ಖಾನೆಯಿಂದ ಬಂದ ಶಾಖ ತಡೆಯುವ ಹಾಳೆಯನ್ನು ತೆಗೆದುಹಾಕುವುದಿಲ್ಲ ತಾನೆ? ಒಣಹುಲ್ಲಿನ ಮೇಲೆ ಕಾರು ನಿಲ್ಲಿಸುವವರಿಗೆ ಆ ಹಾಳೆ ಎಷ್ಟು ಮುಖ್ಯ ಎಂದು ಬೇರೆ ಹೇಳಬೇಕಿಲ್ಲ. ಹಾಕಿಸಿದ ಕೆಲವು ವಾರಗಳ ನಂತರ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿ. ವಾಹನದಲ್ಲಿ ಮಾಡಿದ ಬದಲಾವಣೆಯನ್ನು ತಿಳಿಸಬೇಕು ಎಂಬ ಷರತ್ತು ವಿಮೆಯಲ್ಲಿದ್ದರೆ ತಟ್ಟೆಯ ವಿಷಯವನ್ನು ಪತ್ರದ ಮೂಲಕ ತಿಳಿಸಿಬಿಡಿ.

ಹೆಜ್ಜೆ 4: ಗುರುತು ಕೊರೆಸಿ

ಕದ್ದ ಕನ್ವರ್ಟರುಗಳ ರಾಶಿ ಪೊಲೀಸರ ಕೈಗೆ ಸಿಕ್ಕರೂ ಯಾವುದು ಯಾರದು ಎಂದು ಹೇಳಲಾಗದೆ ಪ್ರಕರಣ ಸೋಲುವುದುಂಟು. ಅದರ ಮೇಲಿರುವ ಅಂಕಿಗಳು ಬಹುಪಾಲು ಬಿಡಿಭಾಗದ ಮಾದರಿಯನ್ನಷ್ಟೇ ಹೇಳುತ್ತವೆ, ನಿಮ್ಮ ಕಾರಿನ ಗುರುತನ್ನಲ್ಲ. ಹಾಗಾಗಿ ವಾಹನದ ಚಾಸಿಸ್ ಸಂಖ್ಯೆಯನ್ನು ಡಬ್ಬಿಯ ಹೊರಮೈಮೇಲೆ ಕೊರೆಸಿ. ಶಾಖ ತಡೆಯುವ ಹಾಳೆಯ ಮೇಲೆ ಕೊರೆದರೆ ಏನೂ ಪ್ರಯೋಜನವಿಲ್ಲ, ಕಳ್ಳರು ಅದನ್ನು ಕಿತ್ತು ಎಸೆಯುತ್ತಾರೆ. ಕೊರೆತ ಆಳವಾಗಿ ಡಬ್ಬಿ ತೂತಾಗದಂತೆ ನುರಿತವರಿಂದಲೇ ಮಾಡಿಸಿ, ಕಾರು ಪೂರ್ತಿ ತಣ್ಣಗಾದ ಮೇಲೆ. ಅದರ ಮೇಲೆ ಹೆಚ್ಚು ಶಾಖ ತಡೆಯುವ ಕಡುಬಣ್ಣ ಬಳಿದರೆ ದೂರಕ್ಕೇ ಕಾಣುತ್ತದೆ, ಕೊಳ್ಳುವವನಿಗೂ ಮುಜುಗರವಾಗುತ್ತದೆ. ಕೆಲವು ಊರುಗಳಲ್ಲಿ ಪೊಲೀಸರೇ ಉಚಿತವಾಗಿ ಗುರುತು ಹಾಕಿಕೊಡುವ ದಿನಗಳನ್ನು ಏರ್ಪಡಿಸುತ್ತಾರೆ, ವಿಚಾರಿಸಿ.

ಗುರುತೊಂದರಿಂದಲೇ ಕಳುವು ನಿಲ್ಲುತ್ತದೆ ಎಂದು ನಾನು ಹೇಳಲಾರೆ. ಕೊಳ್ಳುವವನು ಕಣ್ಣು ಮುಚ್ಚಿಕೊಂಡು ಕೊಳ್ಳುವವರೆಗೆ ಗುರುತಿಗೆ ಅರ್ಧ ಬಲ ಮಾತ್ರ. ಬ್ರಿಟನ್ 2013ರ ಕಾಯ್ದೆಯಲ್ಲಿ ಗುಜರಿ ಲೋಹಕ್ಕೆ ನಗದು ಕೊಡುವುದನ್ನೇ ನಿಷೇಧಿಸಿದ್ದು, ಅಮೆರಿಕದ ಹಲವು ರಾಜ್ಯಗಳು ಮಾರುವವನ ಗುರುತಿನ ದಾಖಲೆ ಕಡ್ಡಾಯ ಮಾಡಿದ್ದು ಈ ಕಾರಣಕ್ಕೆ.

ಹೆಜ್ಜೆ 5: ಅಲಾರಂ ಮತ್ತು ಕ್ಯಾಮೆರಾ

ಕಾರಿನೊಂದಿಗೆ ಬರುವ ಅಲಾರಂ ಸಾಮಾನ್ಯವಾಗಿ ಬಾಗಿಲು, ಬಾನೆಟ್ ತೆರೆದರೆ ಕೂಗುತ್ತದೆ. ಕೆಳಗಿನಿಂದ ಕೊಳವೆ ಕತ್ತರಿಸಿದರೆ ಅದಕ್ಕೆ ಸುದ್ದಿಯೇ ಇರುವುದಿಲ್ಲ. ಕಾರು ಓರೆಯಾದರೆ ಅಥವಾ ಕಂಪಿಸಿದರೆ ಕೂಗುವ ಸೆನ್ಸರ್ ಬೇರೆಯಾಗಿ ಹಾಕಿಸಬೇಕು. ತೀರಾ ಸೂಕ್ಷ್ಮವಾಗಿಟ್ಟರೆ ಭಾರಿ ಲಾರಿ ಹಾದುಹೋದಾಗಲೆಲ್ಲ ಕೂಗಿ, ಕೊನೆಗೆ ನೀವೇ ಅದನ್ನು ಆರಿಸಿಡುತ್ತೀರಿ. ಕ್ಯಾಮೆರಾ ಕಳ್ಳನನ್ನು ತಡೆಯುವುದು ಕಡಿಮೆ, ಅವನು ಬಂದ ವಾಹನದ ಸಂಖ್ಯೆ ಕಾಣುವ ಕೋನದಲ್ಲಿದ್ದರೆ ದೂರಿಗೆ ಬಲ ಬರುತ್ತದೆ.

ಹೆಜ್ಜೆ 6: ವಿಮೆಯ ಪತ್ರವನ್ನು ಈಗಲೇ ಓದಿ

ಕಳುವಾದ ಮೇಲೆ ಓದುವವರೇ ಹೆಚ್ಚು. ಆಗ ಓದಿ ಸಿಗುವುದು ಬೇಸರ ಮಾತ್ರ.

ಮೂರನೆಯವರಿಗೆ ಆಗುವ ಹಾನಿಯನ್ನಷ್ಟೇ ಭರಿಸುವ ವಿಮೆಯಲ್ಲಿ ನಿಮ್ಮ ಕಾರಿನ ಕನ್ವರ್ಟರಿಗೆ ಏನೂ ಬರುವುದಿಲ್ಲ. ಕಳುವನ್ನೂ ಒಳಗೊಂಡ ಸಮಗ್ರ ವಿಮೆ ಬೇಕು. ಸಮಗ್ರ ವಿಮೆಯಲ್ಲೂ ನಾಲ್ಕು ವಿಷಯ ನೋಡಿಕೊಳ್ಳಿ. ಇಡೀ ವಾಹನ ಕಳುವಾದರೆ ಮಾತ್ರ ಪರಿಹಾರವೋ, ಬಿಡಿಭಾಗ ಕಳುವಾದರೂ ಇದೆಯೋ? ಪ್ರತಿ ಕ್ಲೈಮಿನಲ್ಲಿ ನೀವೇ ಭರಿಸಬೇಕಾದ ಮೊದಲ ಮೊತ್ತ ಎಷ್ಟು? ಬಿಡಿಭಾಗದ ಬೆಲೆಯಲ್ಲಿ ಸವಕಳಿ ಕಡಿತವಿದೆಯೇ? ಕಾರು ಗ್ಯಾರೇಜಿನಲ್ಲಿರುವಷ್ಟು ದಿನ ಬೇರೆ ಕಾರಿನ ಬಾಡಿಗೆ ಸಿಗುತ್ತದೆಯೇ?

ಹಳೆಯ ಕಾರಿನ ಮಾಲೀಕರಿಗೆ ಇನ್ನೊಂದು ಪೆಟ್ಟು ಕಾದಿರುತ್ತದೆ. ಕಾರಿನ ಮಾರುಕಟ್ಟೆ ಬೆಲೆ ಕಡಿಮೆ, ಕನ್ವರ್ಟರಿನ ಬೆಲೆ ಹೆಚ್ಚು. ದುರಸ್ತಿಯ ಖರ್ಚು ಕಾರಿನ ಬೆಲೆಯ ಒಂದು ಮಿತಿ ದಾಟಿದರೆ ವಿಮಾ ಕಂಪನಿ ಅದನ್ನು ಪೂರ್ಣ ನಷ್ಟ ಎಂದು ಘೋಷಿಸುತ್ತದೆ. ಚೆನ್ನಾಗಿ ಓಡುತ್ತಿದ್ದ ಕಾರು ಒಂದು ಡಬ್ಬಿಯ ದೆಸೆಯಿಂದ ಗುಜರಿಗೆ ಹೋಗುತ್ತದೆ, ಕೈಗೆ ಬಂದ ಹಣದಲ್ಲಿ ಅಂಥದೇ ಕಾರು ಸಿಗುವುದಿಲ್ಲ. ಬ್ರಿಟನ್ನಿನಲ್ಲಿ ಹಲವು ಹಳೆಯ ಹೈಬ್ರಿಡ್‌ಗಳ ಕತೆ ಹೀಗೆಯೇ ಮುಗಿಯಿತು. ನಿಮ್ಮ ಕಾರು ಈ ವರ್ಗಕ್ಕೆ ಸೇರಿದ್ದರೆ ಹೆಜ್ಜೆ 3ರ ತಟ್ಟೆಗೆ ಮಾಡುವ ಖರ್ಚನ್ನು ಎರಡನೆಯ ಬಾರಿ ಯೋಚಿಸಬೇಡಿ.

ಕಳ್ಳತನ ನಡೆಯುತ್ತಿರುವುದು ಕಣ್ಣಿಗೆ ಬಿದ್ದರೆ

ರಾತ್ರಿ ಕಬ್ಬಿಣ ಕೊಯ್ಯುವ ಕರ್ಕಶ ಸದ್ದು ಕೇಳಿ ಕಿಟಕಿಯಿಂದ ನೋಡಿದರೆ ನಿಮ್ಮದೇ ಕಾರಿನಡಿ ಬೆಳಕು ಕಾಣುತ್ತಿದೆ ಎಂದಿಟ್ಟುಕೊಳ್ಳಿ. ಕೆಳಗೆ ಇಳಿಯಬೇಡಿ. ಪೊಲೀಸರಿಗೆ ಕರೆ ಮಾಡಿ, ಮನೆಯ ದೀಪಗಳನ್ನು ಹಾಕಿ, ಕಾರಿನ ಕೀಲಿಯಲ್ಲಿರುವ ಗುಂಡಿಯಿಂದ ಅಲಾರಂ ಕೂಗಿಸಿ, ಒಳಗಿನಿಂದಲೇ ವಾಹನ ಸಂಖ್ಯೆ, ಜನರ ಸಂಖ್ಯೆ, ಹೋದ ದಿಕ್ಕು ಬರೆದುಕೊಳ್ಳಿ. ಇವರು ಒಬ್ಬೊಬ್ಬರಾಗಿ ಬರುವುದು ಅಪರೂಪ. ಒಬ್ಬ ಕಾರಿನಡಿ, ಒಬ್ಬ ಕಾವಲು, ಒಬ್ಬ ಚಾಲೂ ಇರುವ ವಾಹನದಲ್ಲಿ. ಕೈಯಲ್ಲಿ ಗರಗಸವಂತೂ ಇದ್ದೇ ಇರುತ್ತದೆ.

2024ರ ಮೇ ತಿಂಗಳಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಟ ಜಾನಿ ವ್ಯಾಕ್ಟರ್ ರಾತ್ರಿಯ ಕೆಲಸ ಮುಗಿಸಿ ಬಂದಾಗ ಕೆಲವರು ಅವರ ಕಾರನ್ನು ಜಾಕ್ ಹಾಕಿ ಎತ್ತಿದ್ದರು. ಕಾರನ್ನು ಎಳೆದೊಯ್ಯುತ್ತಿದ್ದಾರೆ ಎಂದುಕೊಂಡು ಅವರು ವಿಚಾರಿಸಿದರು ಎಂದು ಕುಟುಂಬದವರು ಹೇಳಿದ್ದಾರೆ. ಕನ್ವರ್ಟರ್ ಕದಿಯಲು ಬಂದಿದ್ದವರ ಗುಂಡಿಗೆ ಅವರು ಬಲಿಯಾದರು. ಜಗಳಕ್ಕೆ ಹೋಗದಿದ್ದರೂ ಪ್ರಾಣಕ್ಕೆ ಅಪಾಯವಿದೆ ಎಂಬುದನ್ನು ಮರೆಯಬಾರದು.

ಕಳುವಾಗಿದೆ: ಮೊದಲ ಒಂದೆರಡು ಗಂಟೆ

1. ಎಂಜಿನ್ ಆರಿಸಿ. ಸದ್ದು ಜೋರಾಗಿರುವುದು, ಎಂಜಿನ್ ಚಿಹ್ನೆಯ ದೀಪ ಹೊತ್ತಿರುವುದು, ಕಾರಿನಡಿ ಕೊಳವೆಯ ಹೊಳೆಯುವ ಕತ್ತರಿಸಿದ ತುದಿಗಳು ಕಾಣುವುದು, ಇವು ಮೂರೂ ಸೇರಿದರೆ ಅನುಮಾನ ಬೇಡ. ಮತ್ತೆ ಮತ್ತೆ ಚಾಲೂ ಮಾಡಿ ಪರೀಕ್ಷಿಸಬೇಡಿ.

2. ಪೆಟ್ರೋಲ್ ವಾಸನೆ ಬರುತ್ತಿದೆಯೇ, ನೆಲದ ಮೇಲೆ ಯಾವುದಾದರೂ ದ್ರವ ಸುರಿದಿದೆಯೇ ನೋಡಿ. ಅವಸರದ ಗರಗಸ ಇಂಧನದ ಕೊಳವೆ, ಬ್ರೇಕಿನ ಕೊಳವೆ, ಹೊಗೆಯಲ್ಲಿರುವ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರಿನ ತಂತಿಗಳನ್ನೂ ಕತ್ತರಿಸಿರಬಹುದು. ವಾಸನೆ ಇದ್ದರೆ ದೂರ ಸರಿಯಿರಿ, ಹತ್ತಿರ ಬೆಂಕಿ ಬೇಡ. ಹೈಬ್ರಿಡ್ ಕಾರಾದರೆ ಅಡಿಯಲ್ಲಿ ಕಿತ್ತಳೆ ಬಣ್ಣದ ಹೊದಿಕೆಯ ಕೇಬಲ್ ಹಾದುಹೋಗುತ್ತದೆ. ಅದರಲ್ಲಿ ಹರಿಯುವುದು ಪ್ರಾಣ ತೆಗೆಯುವಷ್ಟು ವಿದ್ಯುತ್. ಅದಕ್ಕೆ ಪೆಟ್ಟು ಬಿದ್ದಂತೆ ಕಂಡರೆ ಕಾರನ್ನು ಮುಟ್ಟದೆ ತಿಳಿದವರನ್ನು ಕರೆಯಿರಿ.

3. ಚಿತ್ರ ತೆಗೆಯಿರಿ. ಇಡೀ ಕಾರು, ನಿಂತ ಜಾಗ, ಕತ್ತರಿಸಿದ ತುದಿಗಳು, ನೇತಾಡುವ ತಂತಿಗಳು, ಜಾಕ್ ಒತ್ತಿ ನುಗ್ಗಾದ ಅಂಚು, ಬಿದ್ದಿರುವ ಅಲಗಿನ ತುಂಡು. ಫೋನನ್ನು ಕೈಚಾಚಿ ಕಾರಿನಡಿ ಹಿಡಿದರೆ ಸಾಕು, ನೀವು ನುಸುಳಬೇಕಿಲ್ಲ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಯಾವ ಕಾರಣಕ್ಕೂ ಹೋಗಬೇಡಿ.

4. ಪೊಲೀಸ್ ದೂರು ಕೊಟ್ಟು ಅದರ ಪ್ರತಿಯನ್ನೋ ಸಂಖ್ಯೆಯನ್ನೋ ಪಡೆಯಿರಿ. ಸಿಗುವ ಭರವಸೆ ಇಲ್ಲದಿದ್ದರೂ ದೂರು ಬೇಕೇ ಬೇಕು: ವಿಮೆಗೆ ಅದೇ ಆಧಾರ, ಮುಂದೊಂದು ದಿನ ಜಾಲ ಸಿಕ್ಕಿಬಿದ್ದಾಗ ನಿಮ್ಮ ಕೊರೆದ ಸಂಖ್ಯೆ ಹೊಂದಾಣಿಕೆಯಾಗುವುದೂ ಅದರಿಂದಲೇ.

5. ಅಕ್ಕಪಕ್ಕದ ಮನೆ, ಅಂಗಡಿಗಳ ಕ್ಯಾಮೆರಾ ದೃಶ್ಯವನ್ನು ಅಂದೇ ಕೇಳಿ. ಬಹಳ ಕಡೆ ಕೆಲವು ದಿನಗಳಲ್ಲಿ ಹಳೆಯದರ ಮೇಲೆ ಹೊಸದು ದಾಖಲಾಗಿ ಅಳಿದುಹೋಗುತ್ತದೆ.

6. ವಿಮಾ ಕಂಪನಿಗೆ ತಿಳಿಸಿದ ನಂತರವೇ ದುರಸ್ತಿಗೆ ಕೈಹಾಕಿ. ಅವರ ಪರಿಶೀಲನೆಗೆ ಮೊದಲೇ ಕೆಲಸ ಮುಗಿಸಿದರೆ ಪರಿಹಾರ ನಿರಾಕರಿಸಲು ಒಂದು ನೆಪ ಸಿಕ್ಕಂತೆ.

ಓಡಿಸಬಹುದೇ?

‘ಎಂಜಿನ್‌ಗೆ ಏನೂ ಆಗುವುದಿಲ್ಲ, ನಿಧಾನಕ್ಕೆ ಓಡಿಸಿಕೊಂಡು ಬನ್ನಿ’ ಎನ್ನುವ ಮೆಕ್ಯಾನಿಕ್‌ಗಳು ಇರುತ್ತಾರೆ. ಕಾರು ಚಲಿಸುತ್ತದೆ ಎಂಬುದು ನಿಜ. ಆದರೆ ಮೊದಲು ಹಿಂಭಾಗದಿಂದ ಹೊರಬೀಳುತ್ತಿದ್ದ ಹೊಗೆ ಈಗ ನಿಮ್ಮ ಆಸನದ ಕೆಳಗೇ ಬಿಡುಗಡೆಯಾಗುತ್ತದೆ, ಅದೂ ಶುದ್ಧವಾಗದೆ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಳದ ಸಣ್ಣ ರಂಧ್ರಗಳಿಂದ ಒಳಸೇರಿದರೆ ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಹೆಚ್ಚಾದರೆ ಪ್ರಜ್ಞೆಯೇ ತಪ್ಪುತ್ತದೆ. ಮುಚ್ಚಿದ ಗ್ಯಾರೇಜಿನೊಳಗೆ ಅಂಥ ಕಾರನ್ನು ಚಾಲೂ ಮಾಡುವುದು ಆತ್ಮಹತ್ಯೆಗೆ ಸಮ.

ತುಂಡಾದ ಕೊಳವೆಯ ತುದಿಯಿಂದ ಹೊಮ್ಮುವ ಬಿಸಿ ಹೊಗೆ ಪಕ್ಕದ ತಂತಿ, ಪ್ಲಾಸ್ಟಿಕ್, ಇಂಧನ ಕೊಳವೆಯ ಮೇಲೆ ನೇರವಾಗಿ ಬಡಿಯಬಹುದು. ಕನ್ವರ್ಟರಿಗಿಂತ ಮೊದಲು, ಎಂಜಿನ್ ಕಡೆಗಿರುವ ಆಕ್ಸಿಜನ್ ಸೆನ್ಸರೂ ಕಳುವಾಗಿದ್ದರೆ ಎಂಜಿನ್‌ನ ಕಂಪ್ಯೂಟರಿಗೆ ಇಂಧನ ಎಷ್ಟು ಬಿಡಬೇಕೆಂದು ತಿಳಿಯುವುದಿಲ್ಲ, ಅಂದಾಜಿನ ಮೇಲೆ ಓಡಿಸುತ್ತದೆ, ಇಂಧನ ಹೆಚ್ಚು ಸುಡುತ್ತದೆ. ಬಹಳಷ್ಟು ದೇಶಗಳಲ್ಲಿ ಕನ್ವರ್ಟರ್ ಇಲ್ಲದ ವಾಹನವನ್ನು ರಸ್ತೆಯಲ್ಲಿ ಓಡಿಸುವುದು ಕಾನೂನಿಗೆ ವಿರುದ್ಧ, ಹೊಗೆ ತಪಾಸಣೆಯಲ್ಲಂತೂ ಪಾಸಾಗುವುದಿಲ್ಲ. ಕಾರನ್ನು ಲಾರಿಯ ಮೇಲೆ ಹಾಕಿ ಸಾಗಿಸಿ. ಆ ಖರ್ಚನ್ನು ವಿಮೆಯೋ ರಸ್ತೆಬದಿ ನೆರವಿನ ಸೇವೆಯೋ ಭರಿಸುತ್ತದೆಯೇ ಎಂದು ಮೊದಲೇ ಕೇಳಿ.

ಗ್ಯಾರೇಜಿನಲ್ಲಿ

ಕನ್ವರ್ಟರ್ ಬದಲು ಖಾಲಿ ಕೊಳವೆ ಬೆಸೆದು, ಕನ್ವರ್ಟರಿನ ನಂತರ ಬರುವ ಆಕ್ಸಿಜನ್ ಸೆನ್ಸರ್ ಮೋಸಹೋಗುವಂತೆ ಒಂದು ತುಣುಕು ಸೇರಿಸಿ ‘ದೀಪ ಹೊತ್ತುವುದಿಲ್ಲ’ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಹೊರಡಿ. ಅಗ್ಗ ಎಂಬುದಷ್ಟೇ ಅದರ ಗುಣ. ಕಾರು ಎಲ್ಲರ ಉಸಿರಿಗೆ ವಿಷ ಸೇರಿಸುತ್ತಾ ಓಡುತ್ತದೆ, ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ದಂಡ ಕಟ್ಟುವವರು ನೀವು. ಬಳಸಿದ ಕನ್ವರ್ಟರನ್ನು ಬಿಲ್ ಇಲ್ಲದೆ ಕೊಳ್ಳುವುದೂ ಬೇಡ: ಅದು ನಿಮ್ಮಂಥದೇ ಇನ್ನೊಂದು ಕಾರಿನದ್ದಾಗಿರಬಹುದು.

ಉಳಿಯುವುದು ಎರಡು ದಾರಿ. ತಯಾರಕರ ಮೂಲ ಬಿಡಿಭಾಗ ದುಬಾರಿ, ಕಾಯುವಿಕೆಯೂ ಹೆಚ್ಚು. ಕಳುವು ಹೆಚ್ಚಿದ ವರ್ಷಗಳಲ್ಲಿ ಕೆಲವು ಮಾದರಿಗಳಿಗೆ ತಿಂಗಳುಗಟ್ಟಲೆ ಕಾಯಬೇಕಾಗಿತ್ತು. ಬೇರೆ ಕಂಪನಿಯ ಬದಲಿ ಕನ್ವರ್ಟರ್ ಅಗ್ಗ, ಆದರೆ ಅದರಲ್ಲಿ ಅಮೂಲ್ಯ ಲೋಹ ಕಡಿಮೆ ಇರುವುದೇ ಅಗ್ಗಕ್ಕೆ ಕಾರಣ. ತೀರಾ ಕಡಿಮೆಯಾದರೆ ಒಂದೆರಡು ವರ್ಷದಲ್ಲೇ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಪಿ0420 ಸಂಕೇತ ಕಾಣಿಸಿಕೊಂಡು ದೀಪ ಮತ್ತೆ ಹೊತ್ತುತ್ತದೆ. ಅನುಮೋದನೆಯ ಗುರುತು ಇರುವುದನ್ನೇ ಕೇಳಿ. ಯುರೋಪಿನಲ್ಲಿ ವಿಶ್ವಸಂಸ್ಥೆಯ 103ನೇ ವಾಹನ ನಿಯಮದಡಿ ಅನುಮೋದನೆ ಪಡೆದಿರಬೇಕು. ಕ್ಯಾಲಿಫೋರ್ನಿಯಾದಲ್ಲಿ ಅಲ್ಲಿನ ವಾಯು ಮಂಡಳಿಯ ಆದೇಶ ಸಂಖ್ಯೆ ಡಬ್ಬಿಯ ಮೇಲೇ ಇರಬೇಕು. ಪೂರ್ಣ ನಷ್ಟವಾಗುವ ಅಂಚಿನಲ್ಲಿರುವ ಕಾರನ್ನು ಕೆಲವೊಮ್ಮೆ ಈ ಎರಡನೆಯ ದಾರಿಯೇ ಉಳಿಸುತ್ತದೆ. ಎರಡರ ಅಂದಾಜು ಪಟ್ಟಿಯನ್ನೂ ವಿಮಾ ಕಂಪನಿಯ ಮುಂದಿಡಿ.

ಕೆಲಸ ಶುರುವಾಗುವ ಮೊದಲು ಕನ್ವರ್ಟರಿನಾಚೆಗೂ ಗಮನ ಹರಿಸಲು ಹೇಳಿ. ಎರಡೂ ಆಕ್ಸಿಜನ್ ಸೆನ್ಸರುಗಳು, ಅವುಗಳ ತಂತಿಯ ಜೋಡಣೆ, ಇಂಧನ ಮತ್ತು ಬ್ರೇಕ್ ಕೊಳವೆಗಳು, ಕೈಬ್ರೇಕಿನ ತಂತಿ, ಕಳ್ಳರು ಜಾಕ್ ಇಟ್ಟು ನುಗ್ಗಾಗಿಸಿದ ತಳದ ಅಂಚು ಇವೆಲ್ಲ ಪರಿಶೀಲನೆಯ ಪಟ್ಟಿಯಲ್ಲಿರಲಿ. ಮೊದಲ ಅಂದಾಜಿನಲ್ಲೇ ಇವು ಸೇರದಿದ್ದರೆ ಆಮೇಲೆ ವಿಮೆಯಿಂದ ಹೊರಗುಳಿಯುತ್ತವೆ. ಬೆಸುಗೆಗೆ ಮೊದಲು ಬ್ಯಾಟರಿ ಸಂಪರ್ಕ ತಪ್ಪಿಸಬೇಕು. ಇಲ್ಲವಾದರೆ ಕಂಪ್ಯೂಟರ್ ಸುಟ್ಟುಹೋಗುವ ಅಪಾಯವಿದೆ. ಹೊಗೆ ಸೋರದಂತೆ ಹೊಸ ಗ್ಯಾಸ್ಕೆಟ್ ಹಾಕಬೇಕು, ಶಾಖ ತಡೆಯುವ ಹಾಳೆ ಮರಳಿ ಕೂರಿಸಬೇಕು.

ಕಾರು ಮರಳಿ ಬಂದ ಮೇಲೆ

ಗ್ಯಾರೇಜಿನವರು ದೋಷಸಂಕೇತಗಳನ್ನು ಅಳಿಸಿದ ತಕ್ಷಣ ಹೊಗೆ ತಪಾಸಣೆಗೆ ಹೋಗಬೇಡಿ. ಕಂಪ್ಯೂಟರ್ ತನ್ನ ಸ್ವಪರೀಕ್ಷೆಗಳನ್ನು ಮತ್ತೆ ಪೂರೈಸಲು ನಗರದ ನಿಲ್ಲು-ಹೋಗು ಓಟವೂ ಹೆದ್ದಾರಿಯ ಸ್ಥಿರ ವೇಗದ ಓಟವೂ ಸೇರಿದ ಕೆಲವು ದಿನಗಳ ಬಳಕೆ ಬೇಕಾಗುತ್ತದೆ. ಅದಾದ ಮೇಲೆ ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿಸಿ, ಕನ್ವರ್ಟರಿನ ಪರೀಕ್ಷೆ ‘ಪೂರ್ಣ’ ಎಂದು ತೋರಿಸುತ್ತಿದೆಯೇ ನೋಡಿ.

ಒಮ್ಮೆ ಬಂದ ಕಳ್ಳರಿಗೆ ನಿಮ್ಮ ಕಾರು, ಅದು ನಿಲ್ಲುವ ಜಾಗ, ಹೊತ್ತು ಎಲ್ಲವೂ ಗೊತ್ತು. ಈಗ ಅದರಲ್ಲಿ ಹೊಚ್ಚಹೊಸ ಕನ್ವರ್ಟರ್ ಕೂತಿದೆ ಎಂಬುದೂ ಗೊತ್ತು. ದುರಸ್ತಿಯಾದ ಕೆಲವೇ ವಾರಗಳಲ್ಲಿ ಎರಡನೆಯ ಬಾರಿ ಕಳೆದುಕೊಂಡವರಿದ್ದಾರೆ. ಆದ್ದರಿಂದ ತಟ್ಟೆ ಹಾಕಿಸುವುದನ್ನೂ ಸಂಖ್ಯೆ ಕೊರೆಸುವುದನ್ನೂ ಮುಂದಿನ ಸರ್ವೀಸಿಗೆ ತಳ್ಳದೆ, ಕಾರು ಗ್ಯಾರೇಜಿನ ಲಿಫ್ಟ್ ಮೇಲಿರುವಾಗಲೇ ಮುಗಿಸಿಕೊಳ್ಳಿ, ಕೂಲಿಯೂ ಉಳಿಯುತ್ತದೆ. ಕೊರೆದ ಸಂಖ್ಯೆಯ ಚಿತ್ರ, ಬದಲಿ ಭಾಗದ ಬಿಲ್, ಅನುಮೋದನೆ ಸಂಖ್ಯೆ ಮತ್ತು ದೂರಿನ ಪ್ರತಿಯನ್ನು ಕಾರಿನ ಕಾಗದಪತ್ರಗಳ ಜೊತೆ ಇಡಿ. ಮುಂದೆ ಕಾರು ಮಾರುವಾಗ ಹೊಗೆಕೊಳವೆಯ ಮೇಲಿನ ಬೆಸುಗೆಯ ಗುರುತು ನೋಡಿ ಕೊಳ್ಳುವವರು ಕೇಳುವ ಪ್ರಶ್ನೆಗೆ ಆ ಕಾಗದಗಳೇ ಉತ್ತರ.